ಮೆಲುದನಿಯ ಪ್ರೇಮಕಥೆಗಳು ಮನಸ್ಸಿಗೆ ಯಾಕಿಷ್ಟು ಹಿತ?

ಒಂಟಿಕೊಪ್ಪಲ್ ಓದುಗಿ

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರ್ಕೊಂಡ್ರು. ಆಪರೇಷನ್ ಆಯ್ತು. ಇಲ್ಲೇ ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಹನ್ನೊಂದು ರಾತ್ರಿ ಅವರ ಮಂಚದ ಪಕ್ಕ ಕೂತಿದ್ದೆ. ರಾತ್ರಿ ಎರಡು ಗಂಟೆಯ ವಾರ್ಡು ಹೇಗಿರುತ್ತೆ ಅನ್ನೋದು ಕೂತವರಿಗೇ ಗೊತ್ತು. ನಿದ್ದೆ ಬರಲ್ಲ, ಎಚ್ಚರವಾಗಿರೋಕೂ ಆಗಲ್ಲ. ಫೋನ್ ತೆಗೆದರೆ ಬರೀ ಕೆಟ್ಟ ಸುದ್ದಿ. ಮೂರನೇ ದಿನ ಬಟ್ಟೆ ತರೋಕೆ ಮನೆಗೆ ಹೋದವಳು ಅಟ್ಟದ ಮೇಲಿಂದ ಅಮ್ಮನ 'ಕಟ್ಟು' ಇಳಿಸಿ ತಂದೆ.

ಕಟ್ಟು ಅಂದ್ರೆ ನಿಮ್ಮಲ್ಲಿ ಎಷ್ಟೋ ಜನರ ಮನೆಯಲ್ಲಿ ಇದ್ದಿರಬಹುದು. ಎಪ್ಪತ್ತು ಎಂಬತ್ತರ ದಶಕದ ಸುಧಾ, ಮಯೂರ, ಪ್ರಜಾಮತಗಳಿಂದ ಬ್ಲೇಡಿನಲ್ಲಿ ಕೊಯ್ದು ತೆಗೆದ ಕಥೆಗಳು. ದಬ್ಬಣದಲ್ಲಿ ಮೂರು ತೂತು ಮಾಡಿ ಗೋಣಿದಾರದಲ್ಲಿ ಹೊಲಿದು, ಮೇಲೊಂದು ಹಳೇ ಕ್ಯಾಲೆಂಡರಿನ ರಟ್ಟು ಹಾಕಿದಾರೆ. ಕಾಗದ ಚಹಾ ಬಣ್ಣಕ್ಕೆ ತಿರುಗಿದೆ, ಅಂಚು ಮುಟ್ಟಿದರೆ ಪುಡಿಯಾಗುತ್ತೆ.

ಅದರಲ್ಲಿ ಒಂದು ಕಥೆ. ಪೋಸ್ಟಾಫೀಸಿನ ಗುಮಾಸ್ತ. ಪ್ರತಿ ಶನಿವಾರ ಒಬ್ಬ ಹುಡುಗಿ ಹಾಸ್ಟೆಲಲ್ಲಿ ಓದ್ತಿರೋ ತಮ್ಮನಿಗೆ ಮನಿಯಾರ್ಡರ್ ಮಾಡೋಕೆ ಬರ್ತಾಳೆ. ಅವಳು ಎಡಚಿ. ಕೌಂಟರಿಗೆ ದಾರ ಕಟ್ಟಿ ಬಿಟ್ಟಿರೋ ಪೆನ್ನು ಬಲಗಡೆಗೆ ಇರೋದ್ರಿಂದ ಅವಳ ಕೈಗೆ ದಾರ ಸಾಲಲ್ಲ, ಪ್ರತಿ ಸಲ ಅಡ್ಡಡ್ಡ ಬಾಗಿ ಫಾರಂ ತುಂಬ್ತಾಳೆ. ಐದನೇ ಶನಿವಾರ ಬಂದು ನೋಡ್ತಾಳೆ, ಪೆನ್ನು ಎಡಗಡೆಗೆ ಬಂದಿದೆ. ದಾರವೂ ಹೊಸದು, ಉದ್ದವಾಗಿದೆ. ಅವನು ತಲೆ ಎತ್ತಿ ನೋಡದೆ ಸ್ಟಾಂಪು ಹರೀತಾ ಕೂತಿದಾನೆ.

ಅಷ್ಟೇ. ಕೊನೇ ಹಾಳೆ ಕಟ್ಟಿನಿಂದ ಉದುರಿ ಎಲ್ಲೋ ಹೋಗಿದೆ. ಅಮ್ಮನಿಗೆ ಓದಿ ಹೇಳಿ "ಆಮೇಲೆ ಇಬ್ಬರಿಗೂ ಮದುವೆ ಆಯ್ತಾ ಅಮ್ಮ?" ಅಂತ ಕೇಳಿದೆ. ಕಣ್ಣು ಮುಚ್ಕೊಂಡೇ ಹೇಳಿದ್ರು: "ಮದುವೆ ಆಯ್ತೋ ಇಲ್ವೋ ನೆನಪಿಲ್ಲ ಕಣೆ. ಪೆನ್ನು ನೆನಪಿದೆ."

ಆ ರಾತ್ರಿ ನನ್ನ ಎದೆ ಮೇಲಿದ್ದ ಭಾರ ಅರ್ಧ ಇಳೀತು. ನಾಲ್ಕು ಜನ ಡಾಕ್ಟರು ಧೈರ್ಯ ಹೇಳಿದಾಗ ಇಳೀದೇ ಇದ್ದ ಭಾರ ಅದು. ಯಾಕೆ ಅಂತ ಅವತ್ತಿನಿಂದ ಯೋಚನೆ ಮಾಡ್ತಿದೀನಿ. ನಿಮಗೂ ಹೀಗೆ ಆಗಿದೆಯಾ?

ಚಾಮರಾಜಪುರಂ ಮೇಷ್ಟ್ರು

ತಾಯಿ, ಮೊದಲು ಅಮ್ಮ ಬೇಗ ಗುಣವಾಗಲಿ. ಪೆನ್ನಿನ ಕಥೆ ಓದಿ ನಾನೂ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವನು ನಾನು. ಕಾಲೇಜಿನಲ್ಲಿದ್ದಾಗ ನಮಗೆಲ್ಲ ನವ್ಯದ ಗಾಳಿ ಬಡಿದಿತ್ತು. ಒಡೆದ ಮನಸ್ಸು, ಒಂಟಿತನ, ಹೇಸಿಗೆ ಇವಿದ್ದರೆ ಮಾತ್ರ ಸಾಹಿತ್ಯ ಅಂತ ನಂಬಿದ್ದೆವು. ವಾರಪತ್ರಿಕೆಯ ಪ್ರೇಮಕಥೆಗಳನ್ನು 'ಹೆಂಗಸರು ಮಧ್ಯಾಹ್ನ ಓದುವವು' ಅಂತ ತಳ್ಳಿಹಾಕುತ್ತಿದ್ದೆವು. ಆ ಮಾತನ್ನು ನಾನೂ ಆಡಿದ್ದೇನೆ. ಅದು ತಪ್ಪು.

ಈ ನೆಲದ ಪರಂಪರೆಯನ್ನೇ ನೋಡಿ. ಮಾಸ್ತಿಯವರ ಮೊದಲ ಸಣ್ಣಕಥೆಗಳ ಸಂಕಲನ ಬಂದದ್ದು 1920ರಲ್ಲಿ. ಅಲ್ಲಿಂದಲೇ ಕನ್ನಡ ಕಥೆಗೆ ಒಂದು ತಣ್ಣನೆಯ ದನಿ ಇದೆ. ಹೇಳುವವನು ಎದುರಿಗೆ ಕೂತು, ಅವಸರವಿಲ್ಲದೆ, ಯಾರನ್ನೂ ಹಂಗಿಸದೆ ಹೇಳುವ ದನಿ. ಕೆ.ಎಸ್. ನರಸಿಂಹಸ್ವಾಮಿಯವರು ಹುಟ್ಟಿದ್ದು 1915ರಲ್ಲಿ, ಮಂಡ್ಯ ಜಿಲ್ಲೆಯ ಕಿಕ್ಕೇರಿಯಲ್ಲಿ. 1942ರಲ್ಲಿ ಅವರ 'ಮೈಸೂರು ಮಲ್ಲಿಗೆ' ಬಂತು. ದೇಶದಲ್ಲಿ ಚಳವಳಿ, ಹೊರಗೆ ಮಹಾಯುದ್ಧ. ಅಂಥ ವರ್ಷದಲ್ಲಿ ಈ ಮನುಷ್ಯ ಗಂಡ ಹೆಂಡಿರ ಪ್ರೀತಿಯನ್ನು ಹಾಡಿದರು, ಜನ ಅದನ್ನು ಎದೆಗೆ ಅಪ್ಪಿಕೊಂಡರು. ಕಷ್ಟ ಮರೆಯುವುದಕ್ಕೆ ಅಪ್ಪಿಕೊಂಡರು ಅಂತ ನನಗನ್ನಿಸುವುದಿಲ್ಲ. ಕಷ್ಟದ ನಡುವೆಯೂ ಮನೆಯೊಳಗೆ ಉಳಿಸಿಕೊಳ್ಳಬೇಕಾದ್ದು ಏನು ಅಂತ ಆ ಕವಿತೆಗಳು ನೆನಪು ಮಾಡಿಕೊಟ್ಟವು.

ಇನ್ನೊಂದು ವಿಷಯ. ಅಲ್ಲಿ ಪ್ರೇಮ ಮದುವೆಯ ದಿನ ಮುಗಿಯುವುದಿಲ್ಲ, ಮದುವೆಯಾದ ಮೇಲೆ ಶುರುವಾಗುತ್ತದೆ. ತವರಿಗೆ ಹೋದ ಹೆಂಡತಿ, ಕಾಯುವ ಗಂಡ. ನಮ್ಮ ಸಣ್ಣಕಥೆಗಳಿಗೂ ಈ ಗುಣ ಬಂದಿದೆ. ಅದಕ್ಕೇ ಅವು ಮದುವೆಯಾಗಿ ನಲವತ್ತು ವರ್ಷವಾದವರಿಗೂ ರುಚಿಸುತ್ತವೆ.

ಮಂಡ್ಯ ಟು ಮೈಸೂರು

ಅಕ್ಕಾ, ನಾನು ದಿನಾ ಬೆಳಿಗ್ಗೆ ಮಂಡ್ಯದಿಂದ ಮೈಸೂರಿಗೆ ಟ್ರೈನಲ್ಲಿ ಬರೋಳು. ಒಂದು ಬಟ್ಟೆ ಅಂಗಡೀಲಿ ಬಿಲ್ಲಿಂಗ್ ಕೆಲಸ. ಒಂದು ಟ್ರಿಪ್ಪಿಗೆ ಒಂದು ಕಥೆ, ಅದು ನನ್ನ ಲೆಕ್ಕ. ಯಲಿಯೂರು ದಾಟೋ ಹೊತ್ತಿಗೆ ಯಾರು ಯಾರು ಅಂತ ಗೊತ್ತಾಗಿರುತ್ತೆ. ಪಾಂಡವಪುರದಲ್ಲಿ ಏನೋ ಒಂದು ಮುನಿಸು. ಶ್ರೀರಂಗಪಟ್ಟಣದಲ್ಲಿ ಎರಡು ಸೇತುವೆ ಬರುತ್ತಲ್ಲ, ಆ ಕಡೆ ಕಾವೇರಿ, ಈ ಕಡೆ ಕಾವೇರಿ. ಎರಡನೇ ಸೇತುವೆ ದಾಟೋವರೆಗೂ ಕೊನೇ ಪುಟ ತಿರುಗಿಸಲ್ಲ. ಆಮೇಲೆ ನಾಗನಹಳ್ಳಿಯಿಂದ ಮೈಸೂರಿನವರೆಗೆ ಕಿಟಕಿ ಆಚೆ ನೋಡ್ತಾ ಕೂತ್ಕೋತೀನಿ.

ಕಾದಂಬರಿ ಆದ್ರೆ ಈ ಸುಖ ಸಿಗಲ್ಲ. ಅರ್ಧಕ್ಕೆ ನಿಲ್ಲಿಸಿ ಕೆಲಸಕ್ಕೆ ಹೋದ್ರೆ ದಿನವೆಲ್ಲ ಅದೇ ತಲೇಲಿ. ಸಣ್ಣಕಥೆ ಪೂರ್ತಿ ಆಗುತ್ತೆ. ಬೆಳಿಗ್ಗೆ ಎಂಟೂವರೆಗೇ ಏನೋ ಒಂದು ಪೂರ್ತಿ ಆಗಿದೆ ಅನ್ನೋ ಸಮಾಧಾನದಲ್ಲಿ ಕೌಂಟರಿಗೆ ಹೋಗಿ ನಿಂತ್ರೆ ಯಾರು ಬಂದು ರೇಗಾಡಿದ್ರೂ ತಡ್ಕೋಬಹುದು.

ಪೆನ್ನಿನ ಕಥೆ ಯಾವ ವರ್ಷದ್ದು, ಯಾರು ಬರೆದಿದ್ದು? ಹುಡುಕಿ ಓದೋಣ ಅಂತ.

ಒಂಟಿಕೊಪ್ಪಲ್ ಓದುಗಿ

ಅಮ್ಮ ಕೊಯ್ಯುವಾಗ ಕಥೆ ಮಾತ್ರ ಕೊಯ್ತಿದ್ರು ತಂಗಿ, ಎಷ್ಟೋ ಕಥೆಗಳ ತಲೆಬರಹದ ಪಟ್ಟಿಯೇ ಇಲ್ಲ. ಇದಕ್ಕೂ ಹಾಗೇ. ಪುಟದ ಹಿಂದೆ ಅರ್ಧ ಸೋಪಿನ ಜಾಹೀರಾತಿದೆ ಅಷ್ಟೇ. ಫೋಟೋ ತೆಗೆದು ಹಾಕ್ತೀನಿ.

ನೇರಮಾತು

ಎಲ್ಲರ ಮಾತೂ ಓದಿದೆ. ನನ್ನದು ಬೇರೆ ಅಭಿಪ್ರಾಯ, ಯಾರೂ ಬೇಜಾರು ಮಾಡ್ಕೋಬೇಡಿ.

ನಮ್ಮ ಮನೆಯಲ್ಲೂ ಇಂಥ ಕಥೆಗಳ ರಾಶಿ ಇತ್ತು. ನಮ್ಮ ದೊಡ್ಡಮ್ಮ ದಿನಾ ಊಟ ಆದ ಮೇಲೆ ಓದೋರು. ದೊಡ್ಡಪ್ಪ ಕೈ ಎತ್ತುತ್ತಿದ್ರು. ಆ ಕಥೆಗಳಲ್ಲಿ ಹೆಂಡತಿ ತಾಳ್ತಾಳೆ, ತಾಳ್ತಾಳೆ, ಕೊನೇ ಪ್ಯಾರಾದಲ್ಲಿ ಗಂಡನಿಗೆ ಬುದ್ಧಿ ಬಂದು "ನಿನ್ನ ಬೆಲೆ ನನಗೆ ತಿಳೀಲಿಲ್ಲ" ಅಂತ ಕೈ ಹಿಡ್ಕೋತಾನೆ. ದೊಡ್ಡಮ್ಮ ನಲವತ್ತು ವರ್ಷ ಆ ಕೊನೇ ಪ್ಯಾರಾಕ್ಕೆ ಕಾದರು. ಬರಲಿಲ್ಲ. ದೊಡ್ಡಪ್ಪ ತೀರಿಕೊಂಡ ಮೇಲೆ ಅವರು ಕಥೆ ಓದೋದನ್ನೇ ಬಿಟ್ರು.

ಮೆದು ಕಥೆ ಅಂತೀರಲ್ಲ, ಅದು ಯಾರ ಕಡೆಗೆ ಮೆದು? ಹೊಡೆಯೋನ ಕಡೆಗೆ ಮೆದುವಾಗಿರೋ ಕಥೆ ಹೊಡೆಸಿಕೊಂಡವಳಿಗೆ ಸಮಾಧಾನ ಹೇಳಿದ ಹಾಗೆ ಮಾಡಿ ಬಾಯಿ ಮುಚ್ಚಿಸುತ್ತೆ. ಇದನ್ನೂ ಮಾತಾಡಬೇಕು. ಇನ್ನೂ ಒಂದು: ಆ ಕಥೆಗಳಲ್ಲಿ ಬರೋ ಮನೆಗಳೆಲ್ಲ ಒಂದೇ ಥರ. ಹಜಾರ, ತುಳಸಿಕಟ್ಟೆ, ಫಿಲ್ಟರ್ ಕಾಫಿ, ಬ್ಯಾಂಕಿನ ಕೆಲಸ. ಗದ್ದೇಲಿ ಕಳೆ ಕೀಳೋರಿಗೆ, ಗಾರೆ ಕೆಲಸದೋರಿಗೆ ಪ್ರೀತಿ ಇರಲ್ವಾ?

ಮಂಡ್ಯ ಟು ಮೈಸೂರು

ಅಕ್ಕ, ನಿಮ್ಮ ದೊಡ್ಡಮ್ಮನ ವಿಷಯ ಓದಿ ಏನು ಹೇಳಬೇಕೋ ತಿಳೀತಿಲ್ಲ. ನೀವು ಬರೆದಿದ್ದು ಒಳ್ಳೇದಾಯ್ತು.

ಕಥೆ ಬರೆಯೋಳು

ನೇರಮಾತು ಅವರ ಪ್ರಶ್ನೆ ನನ್ನನ್ನೇ ಕೇಳಿದ ಹಾಗಾಯ್ತು. ಇಪ್ಪತ್ತು ವರ್ಷದಿಂದ ಇಂಥವೇ ಕಥೆ ಬರೀತಿದೀನಿ, ಒಂದಿಷ್ಟು ಅಚ್ಚಾಗಿವೆ. ಬರೆಯೋರ ಕಡೆಯಿಂದ ಎರಡು ಮಾತು.

ಇಂಥ ಕಥೆ ಬರೆಯೋದು ಸುಲಭ ಅಂತ ಜನ ಅಂದ್ಕೋತಾರೆ. ಕೊಲೆ ಇಲ್ಲ, ಮೋಸ ಇಲ್ಲ, ಸಾವು ಇಲ್ಲ, ಇನ್ನೇನು ಕಷ್ಟ ಅಂತ. ಕಷ್ಟ ಅಲ್ಲೇ ಇರೋದು. ಓದೋರನ್ನ ಕೊನೇವರೆಗೂ ಕೂರಿಸಬೇಕು, ಕೈಯಲ್ಲಿರೋದು ಮಾತ್ರ ಒಂದು ಪೆನ್ನು, ಒಂದು ದಾರ. ಅಡ್ಡಿ ಸಣ್ಣದಾಗಿರಬೇಕು, ಆದರೆ ನಿಜವಾಗಿರಬೇಕು. ಎಡಚಿಗೆ ದಾರ ಸಾಲದೇ ಇರೋದು ಸಣ್ಣ ವಿಷಯವೇ. ಆದರೆ ಅವಳ ಇಡೀ ಜೀವನದಲ್ಲಿ ಎಲ್ಲ ಕೌಂಟರೂ ಬಲಗೈಯವರಿಗೇ ಮಾಡಿದ್ದು. ಒಬ್ಬ ಅದನ್ನ ಕಂಡ. ಅವಳು ಕೇಳಲಿಲ್ಲ, ಅವನು ಹೇಳಿಕೊಳ್ಳಲಿಲ್ಲ. 'ಪ್ರೀತಿ' ಅನ್ನೋ ಪದ ಹಾಕಿದ ತಕ್ಷಣ ಆ ಕಥೆ ಕೆಡುತ್ತೆ. ನಾನು ಬರೆದಾದ ಮೇಲೆ ಮೊದಲು ಮಾಡೋ ಕೆಲಸ ಆ ಪದ ಎಲ್ಲೆಲ್ಲಿದೆ ಅಂತ ಹುಡುಕಿ ಹೊಡೆದುಹಾಕೋದು.

ಈಗ ನೇರಮಾತು ಅವರ ದೊಡ್ಡಮ್ಮನ ಕಥೆಗಳಿಗೆ ಬರ್ತೀನಿ. ತಾಳ್ಮೆಗೆ ಕೊನೇಲಿ ಬಹುಮಾನ ಕೊಡೋ ಕಥೆ ಬೇರೆ, ಗಮನದ ಕಥೆ ಬೇರೆ. ಮೊದಲನೇದರಲ್ಲಿ ಹೆಂಗಸಿಗೆ ನೋವು ಪೂರ್ತಿ ಆದ ಮೇಲೆ ಗಂಡಸು ಅವಳನ್ನ ನೋಡ್ತಾನೆ. ಎರಡನೇದರಲ್ಲಿ ನೋವು ಆಗೋಕೆ ಮುಂಚೆನೇ ನೋಡಿರ್ತಾನೆ. ಒಂದೇ ಪತ್ರಿಕೆಯಲ್ಲಿ, ಅಕ್ಕಪಕ್ಕದ ವಾರಗಳಲ್ಲಿ, ಎರಡೂ ಅಚ್ಚಾಗ್ತಿದ್ವು. ನಾನೂ ಶುರುವಿನಲ್ಲಿ ಮೊದಲನೇ ಥರದ್ದನ್ನ ಬರೆದಿದೀನಿ. ಅವನ್ನ ಈಗ ಯಾರಾದ್ರೂ ಸಂಕಲನಕ್ಕೆ ಕೇಳಿದ್ರೆ ಕೊಡಲ್ಲ.

ಚಾಮರಾಜಪುರಂ ಮೇಷ್ಟ್ರು

ಒಳ್ಳೆಯ ಮಾತು. ಇದಕ್ಕೆ ನಾನೊಂದು ಹೆಸರು ಸೇರಿಸಬೇಕು. ತ್ರಿವೇಣಿಯವರು 1928ರಲ್ಲಿ ಮಂಡ್ಯದಲ್ಲಿ ಹುಟ್ಟಿದವರು, ಬದುಕಿದ್ದು ನಮ್ಮ ಮೈಸೂರಿನಲ್ಲಿ, 1963ರಲ್ಲೇ ತೀರಿಕೊಂಡರು. ಮನಃಶಾಸ್ತ್ರ ಓದಿದ ಹೆಣ್ಣುಮಗಳು. ಅವರನ್ನೂ ಎಷ್ಟೋ ಜನ 'ಹೆಂಗಸರ ಲೇಖಕಿ' ಅಂತ ಪಕ್ಕಕ್ಕಿಟ್ಟರು. ಆದರೆ ಅದೇ ತಿಳಿಯಾದ ಮಾತಿನಲ್ಲಿ, ಅದೇ ಮನೆಯ ಹಜಾರದಲ್ಲಿ, ಮನಸ್ಸು ಮುರಿದ ಹೆಂಗಸನ್ನು ಮನೆಯವರು ಹೇಗೆ ನಡೆಸಿಕೊಳ್ಳುತ್ತಾರೆ ಅನ್ನುವುದನ್ನು ಅವರು ಮುಚ್ಚಿಡದೆ ಬರೆದರು. ಮೆಲುದನಿ ಅಂದರೆ ಸುಳ್ಳು ಹೇಳುವ ದನಿ ಆಗಬೇಕಿಲ್ಲ ಅನ್ನುವುದಕ್ಕೆ ನಮ್ಮೂರಲ್ಲೇ ಸಾಕ್ಷಿ ಇದೆ.

ಮನಃಶಾಸ್ತ್ರ ಅಂದ ಕೂಡಲೇ ಇನ್ನೊಂದು ನೆನಪಾಯಿತು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ರೇಡಿಯೋ ಶುರು ಮಾಡಿದ ಎಂ.ವಿ. ಗೋಪಾಲಸ್ವಾಮಿಯವರೂ ಮನಃಶಾಸ್ತ್ರದ ಪ್ರಾಧ್ಯಾಪಕರೇ. 'ಆಕಾಶವಾಣಿ' ಅನ್ನುವ ಹೆಸರು ಅಲ್ಲಿಂದಲೇ ಬಂದದ್ದು. ನಾನು ಹುಡುಗನಾಗಿದ್ದಾಗ ರೇಡಿಯೋದಲ್ಲಿ ಕಥೆ ಓದುವುದನ್ನು ಕೇಳುತ್ತಿದ್ದೆ. ಓದುವವರ ದನಿ, ಪುಟ ತಿರುಗಿಸುವ ಸದ್ದು. ನಮ್ಮಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಕಥೆ ಮುಗಿಯುವವರೆಗೂ ಹೂಬತ್ತಿ ಹೊಸೆಯುವ ಕೈ ನಿಲ್ಲಿಸಿ ಕೂತಿರುತ್ತಿದ್ದರು.

ಒಂಟಿಕೊಪ್ಪಲ್ ಓದುಗಿ

ನೇರಮಾತು ಅವರೇ, ನಿಮ್ಮ ಬರಹ ಓದಿ ಎರಡು ದಿನ ಉತ್ತರ ಕೊಡೋಕೆ ಆಗಲಿಲ್ಲ. ಕಟ್ಟನ್ನ ಮತ್ತೆ ಮೊದಲಿಂದ ಓದಿದೆ. ಒಟ್ಟು ಇಪ್ಪತ್ತಾರು ಕಥೆ. ಅದರಲ್ಲಿ ನಾಲ್ಕು ನೀವು ಹೇಳಿದಂಥವೇ. ಒಂದರಲ್ಲಂತೂ ಹೆಂಡತಿ ಬಸುರಿ, ಗಂಡ ಮಾತು ಬಿಟ್ಟು ಆರು ತಿಂಗಳಾಗಿದೆ, ಅವಳು ಅವನ ಅಂಗಿಗೆ ಇಸ್ತ್ರಿ ಹಾಕ್ತಾನೇ ಇರ್ತಾಳೆ. ಹೋದ ತಿಂಗಳು ಅದನ್ನೂ ಓದಿದ್ದೆ, ಆಗ ನನಗೆ ಏನೂ ಅನ್ನಿಸಿರಲಿಲ್ಲ. ಈ ಸಲ ಓದೋಕೆ ಆಗಲಿಲ್ಲ.

ಅಮ್ಮ ಈಗ ಮನೆಗೆ ಬಂದಿದಾರೆ, ವಾಕರ್ ಹಿಡ್ಕೊಂಡು ಹಜಾರದವರೆಗೂ ನಡೀತಾರೆ. ನಾಲ್ಕನ್ನೂ ತೋರಿಸಿ ಕೇಳಿದೆ. ಕನ್ನಡಕ ಹಾಕ್ಕೊಂಡು ನಿಧಾನವಾಗಿ ಓದಿದ್ರು. "ಆಗ ಇದೇ ಸರಿ ಅಂದ್ಕೊಂಡಿದ್ವಿ. ನಮಗೆ ಹೇಳೋರು ಯಾರಿದ್ರು?" ಅಂದ್ರು. ಆಮೇಲೆ ಅವರೇ ಕತ್ತರಿ ತರೋಕೆ ಹೇಳಿದ್ರು. ನಾನು ಬೇಡ ಅಂದೆ. ಹರಿದು ಹಾಕಿದ್ರೆ ಆ ಕಾಲದಲ್ಲಿ ಹಾಗಿತ್ತು ಅನ್ನೋದು ಯಾರಿಗೂ ಗೊತ್ತಾಗಲ್ಲ ಅಂತ ನನಗೆ ಅನ್ನಿಸ್ತು. ಬಿಚ್ಚಿ ಬೇರೆ ಇಟ್ಟಿದೀವಿ.

ಆಸ್ಪತ್ರೆಯಲ್ಲಿ ಯಾಕೆ ಹಿತ ಅನ್ನಿಸ್ತು ಅನ್ನೋದು ನನಗೆ ಈಗ ಸ್ವಲ್ಪ ಗೊತ್ತಾಗ್ತಿದೆ. ಅಲ್ಲಿ ಅಮ್ಮ ಒಂದು ಮಂಚದ ನಂಬರು. ಯಾರದ್ದೂ ತಪ್ಪಲ್ಲ, ಇಬ್ಬರು ನರ್ಸು ಇಡೀ ವಾರ್ಡು ನೋಡ್ಕೋಬೇಕು. ನೀರಿನ ಲೋಟ ಅಮ್ಮನ ಕೈಗೆ ಎಟುಕದ ಕಡೆ ಇರ್ತಿತ್ತು, ನಾನು ಎದ್ದು ಹೋದಾಗ ಅವರು ಬಾಯಾರಿಕೆಯಲ್ಲೇ ಇರ್ತಿದ್ರು, ಕೇಳ್ತಿರಲಿಲ್ಲ. ಪೆನ್ನಿನ ಕಥೆ ಓದಿದ ರಾತ್ರಿ ನಾನು ಎದ್ದು ಆ ಲೋಟ ಇದ್ದ ಸ್ಟೂಲನ್ನ ಅವರ ಬಲಗೈ ಪಕ್ಕಕ್ಕೆ ಎಳೆದಿಟ್ಟೆ. ಮೂರು ದಿನದಿಂದ ಅಲ್ಲೇ ಕೂತಿದ್ದೆ, ಹೊಳೆದಿರಲಿಲ್ಲ.

ಕುವೆಂಪುನಗರ ಹುಡುಗ

ನಾನು ಇಂಜಿನಿಯರಿಂಗ್ ಕೊನೇ ವರ್ಷ. ಇಲ್ಲಿ ಎಲ್ಲರೂ ದೊಡ್ಡವರು, ಆದ್ರೂ ಹೇಳ್ತೀನಿ. ನಮ್ಮ ವಯಸ್ಸಿನವರು ನೋಡೋದ್ರಲ್ಲಿ ಪ್ರೀತಿ ಅಂದ್ರೆ ಹುಡುಗ ಹುಡುಗಿ ಹಿಂದೆ ಬೀಳೋದು, ಅವಳು ಬೇಡ ಅಂದ್ರೂ ಬಿಡದೇ ಇರೋದು. ಅದನ್ನೇ ಗಂಡಸ್ತನ ಅಂತ ತೋರಿಸ್ತಾರೆ. ನಾನೂ ಹಾಗೇ ಅಂದ್ಕೊಂಡಿದ್ದೆ. ಪಿಯುಸಿಯಲ್ಲಿ ಒಬ್ಬಳಿಗೆ ತುಂಬಾ ತೊಂದರೆ ಕೊಟ್ಟಿದೀನಿ, ಅದಕ್ಕೆ ಈಗಲೂ ನಾಚಿಕೆ ಇದೆ.

ಅಜ್ಜಿ ಮನೇಲಿ ಸಿಕ್ಕಿದ ಹಳೇ ಪತ್ರಿಕೆಗಳ ಕಥೆಗಳಲ್ಲಿ ಗಂಡಸರು ಕಾಯ್ತಾರೆ. ದೂರ ನಿಲ್ತಾರೆ. ಬೇಡ ಅಂದ್ರೆ ಹೋಗ್ತಾರೆ. ಅದು ಸೋಲು ಅಂತ ಕಥೆ ಹೇಳಲ್ಲ. ನನಗೆ ಅದು ಗೊತ್ತೇ ಇರಲಿಲ್ಲ, ಹಾಗೂ ಇರಬಹುದು ಅಂತ.

ನೇರಮಾತು

ತಮ್ಮಾ, ನೀನು ಬರೆದಿದ್ದಕ್ಕೆ ಥ್ಯಾಂಕ್ಸ್. ಓದುಗಿ ಅವರೇ, ನಿಮ್ಮ ಅಮ್ಮನಿಗೆ ನನ್ನ ನಮಸ್ಕಾರ ಹೇಳಿ. ಆ ಇಪ್ಪತ್ತೆರಡು ಕಥೆಗಳ ಫೋಟೋ ಹಾಕಿದ್ರೆ ನಾನೂ ಓದ್ತೀನಿ. ದೊಡ್ಡಮ್ಮನಿಗೂ ಒಂದು ಓದಿ ಹೇಳಿ ನೋಡ್ತೀನಿ, ಪೆನ್ನಿಂದು. ಗದ್ದೆಯವರ ಪ್ರಶ್ನೆಗೆ ಮಾತ್ರ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.

ಪಾಂಡವಪುರದ ಹೈದ

ಅಕ್ಕಾ, ಆ ಉತ್ತರ ನಾನು ಕೊಡ್ತೀನಿ. ನಾನು ಜಾಸ್ತಿ ಓದ್ದೋನಲ್ಲ, ತಪ್ಪಿದ್ರೆ ಒಟ್ಟೆಗಾಕೊಳ್ಳಿ.

ನಮ್ದು ಕಬ್ಬಿನ ಗದ್ದೆ, ಆಗ ಆಲೆಮನೇನೂ ಇತ್ತು. ನಮ್ಮಪ್ಪ ನಮ್ಮವ್ವುನ್ನ ಹೆಸರಿಡಿದು ಕರ್ದಿದ್ದು ನಾನು ಒಂದು ದಿನಾನೂ ಕೇಳಿಲ್ಲ, 'ಇವ್ಳೇ' ಅಂತಿದ್ದ ಅಷ್ಟೆ. ಪ್ರೀತಿ ಗೀತಿ ಅನ್ನೋ ಮಾತು ನಮ್ಮಟ್ಟೀಲೇ ಇರ್ನಿಲ್ಲ. ಆಲೆ ಆಡೋ ಕಾಲ್ದಲ್ಲಿ ಅಪ್ಪ ರಾತ್ರಿಯೆಲ್ಲ ಅಲ್ಲೇ ಇರೋನು. ಗಾಣ ನಿಲ್ಲಂಗಿಲ್ಲ, ಕಬ್ಬಿನಾಲು ಕೊಪ್ಪರಿಗೆಗೆ ಸುರೀತಾನೇ ಇರ್ತದೆ, ಒಲೆ ಬಾಯ್ಗೆ ಒಣ್ಗಿದ ಸಿಪ್ಪೆ ನೂಕ್ತಾನೇ ಇರ್ಬೇಕು. ಪಾಕ ಹದ ಬಂದದಾ ಇಲ್ವಾ ಅಂತ ನೋಡಕ್ಕೆ ಒಸಿ ತಗ್ದು ತಣ್ಣೀರಿಗೆ ಬುಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡ್ತಾರೆ. ಗಟ್ಟಿಯಾಗಿ ನಿಂತ್ಕಂಡ್ರೆ ಸರಿ, ಇಳಿಸಿ ಅಚ್ಚಿಗೆ ಉಯ್ಬೋದು. ಆ ಹದದ ಉಂಡೆ ಐತಲ್ಲ, ಅದ್ರ ರುಚಿ ಅಚ್ಚು ಬೆಲ್ಲಕ್ಕೆ ಬರಕ್ಕಿಲ್ಲ. ಮೆತ್ಗಿರ್ತದೆ, ಒಳ್ಗೆ ಇನ್ನೂ ಬಿಸಿ ಇರ್ತದೆ.

ಅಪ್ಪ ಕೋಳಿ ಕೂಗೋ ಹೊತ್ಗೆ ಬರೋನು. ಬಾಳೆ ಎಲೆ ಚೂರಲ್ಲಿ ಆ ಉಂಡೆ ಸುತ್ಕಂಡು ಬಂದು ಅವ್ವ ಎದ್ದು ಮೊದ್ಲು ಕೈ ಹಾಕೋ ಒರಳುಕಲ್ಲು ಮೇಲೆ ಮಡಗಿ ಮನೀಕೊಳ್ಳೋನು. ಎಬ್ಬಿಸ್ತಿರ್ನಿಲ್ಲ. ನಾನು ಎಚ್ರಾಗಿದ್ದು ಎಷ್ಟೋ ಸಲ ನೋಡಿವ್ನಿ. ಸುಗ್ಗಿ ಪೂರ್ತಿ ದಿನಾ ಹಿಂಗೇಯ. ಇದ್ನ ಯಾರೂ ಕಥೆ ಬರ್ದಿಲ್ಲ. ಪೆನ್ನಿನ ಕಥೆ ಓದ್ದಾಗ ನಂಗೆ ಒರಳುಕಲ್ಲೇ ಕಣ್ ಮುಂದೆ ಬಂದಿದ್ದು.

ಕಥೆ ಬರೆಯೋಳು

ಅಣ್ಣಾ, ನೀವು ಬರೆದಾಯ್ತು ಕಥೆ. ನಾನು ಇದರ ಒಂದು ಪದವನ್ನೂ ಮುಟ್ಟಲ್ಲ. ಇಂಥದ್ದು ನಮ್ಮ ಕೈಗೆ ಸಿಗದೇ ಹೋಗಿದ್ದು ನಾವು ಹಜಾರ ಬಿಟ್ಟು ಆಚೆ ಬರಲಿಲ್ಲ ಅನ್ನೋದಕ್ಕೇ. ನೇರಮಾತು ಅವರ ಆ ಮಾತನ್ನ ಒಪ್ಕೋತೀನಿ.

ಒಂಟಿಕೊಪ್ಪಲ್ ಓದುಗಿ

ಪಾಂಡವಪುರದ ಅಣ್ಣಾ, ನೀವು ಬರೆದಿದ್ದನ್ನ ರಾತ್ರಿ ಅಮ್ಮನಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದ್ರು. "ಆ ಉಂಡೇನ ಅವರಮ್ಮ ತಾವು ತಿಂತಿದ್ರಂತಾ, ಮಕ್ಕಳಿಗೇ ಕೊಟ್ಟುಬಿಡ್ತಿದ್ರಂತಾ?" ಉತ್ತರ ಬರೋವರೆಗೂ ಬಿಡಲ್ಲ, ಬೆಳಿಗ್ಗೆಯಿಂದ ಎರಡು ಸಲ ಕೇಳಿದಾರೆ.

ಪಾಂಡವಪುರದ ಹೈದ

ನಂಗೂ ಗೊತ್ತಿರ್ನಿಲ್ಲ ಅಕ್ಕಾ. ಅಪ್ಪ ಹೋಗಿ ಆರೊರ್ಸ ಆಯ್ತು. ಅವ್ವ ಈಗ ನಮ್ಮ ತಂಗಿ ಅಟ್ಟೀಲಿ ಅವ್ಳೆ. ಈಗ್ತಾನೆ ಫೋನ್ ಮಾಡಿ ಕೇಳ್ದೆ.

"ಅದ್ಯಾಕ್ಲಾ ಈಗ" ಅಂದ್ಳು. ಸುಮ್ನೆ ಹೇಳವ್ವಾ ಅಂದೆ. ಒಸಿ ಹೊತ್ತು ಮಾತೇ ಇಲ್ಲ, ಲೈನ್ ಕಟ್ಟಾಯ್ತೇನೋ ಅಂದ್ಕಂಡೆ. ಆಮೇಕೆ ಹೇಳುದ್ಲು. "ನಿಮ್ಗೆ ಕೊಡ್ತಿರ್ನಿಲ್ಲ ಕಣ್ ಮಗ. ನೀವು ಏಳೋಕ್ ಮುಂಚೆ ಅರ್ಧ ತಿಂದು ಇನ್ನರ್ಧ ಅವ್ರ ಮುದ್ದೆ ಗಂಗಳದ ಪಕ್ಕ ಮಡಗ್ತಿದ್ದೆ."

ಅಷ್ಟು ಹೇಳಿ ಫೋನ್ ಮಡಗ್ಬುಟ್ಲು.